ಒತ್ತಡದ ಗೆರೆ ಬರೆಯುವ ಪೆಟ್ಟಿಗೆ: ಒಂದು ಬ್ಯಾರೋಗ್ರಾಫ್ ಕಟ್ಟಿದ ಟಿಪ್ಪಣಿ

ಹವಾಮಾನದ ಆ್ಯಪ್ ತೆರೆದರೆ ಒಂದು ಮೂಲೆಯಲ್ಲಿ 1009 ಅಂತಲೋ 1014 ಅಂತಲೋ ಗಾಳಿಯ ಒತ್ತಡದ ಅಂಕಿ ಇರುತ್ತದೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನೋಡಿದರೂ ಏನೂ ತಿಳಿಯುವುದಿಲ್ಲ, ಯಾಕೆಂದರೆ ಒಂಟಿ ಅಂಕಿಯಲ್ಲಿ ತಿಳಿಯುವಂಥದ್ದು ಏನೂ ಇರುವುದಿಲ್ಲ. ಮೂರು ಗಂಟೆ ಹಿಂದೆ ಎಷ್ಟಿತ್ತು, ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅನ್ನುವುದು ಪಕ್ಕದಲ್ಲಿದ್ದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ. ಅದಕ್ಕೇ ಗೋಡೆಗೆ ತೂಗುಹಾಕುವ ಮುಳ್ಳಿನ ಬ್ಯಾರೋಮೀಟರ್ ಬಿಟ್ಟು, ನಿಮಿಷಕ್ಕೊಂದು ಚುಕ್ಕೆ ಇಟ್ಟು ಗೆರೆ ಎಳೆಯುವ ಪೆಟ್ಟಿಗೆ ಕಟ್ಟಲು ಕೂತೆ.

ಮುಳ್ಳಿನ ಬ್ಯಾರೋಮೀಟರ್ ಮುಖದ ಮೇಲೆ ಮಳೆ, ಬದಲಾವಣೆ, ಒಣಹವೆ ಅಂತೆಲ್ಲ ಬರೆದಿರುತ್ತದೆ ನೋಡಿ, ಅದನ್ನು ಅಷ್ಟೊಂದು ನಂಬಬೇಡಿ. 1861ರಲ್ಲಿ ಬ್ರಿಟನ್ನಿನ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡಲು ಶುರುಮಾಡಿದ ರಾಬರ್ಟ್ ಫಿಟ್ಜ್‌ರಾಯ್ ಕೂಡ ಇದನ್ನೇ ಹೇಳುತ್ತಿದ್ದರು. ಪಾದರಸ ಎಲ್ಲಿ ನಿಂತಿದೆ ಅನ್ನುವುದಕ್ಕಿಂತ ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ ಅಂತ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಜಾಗದಲ್ಲಿ ಒತ್ತಡ ಸುಮ್ನೆ ಸುಮಾರು 910 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ, ಆ್ಯಪಿನ ಅಂಕಿಯೂ ಇದರಲ್ಲೇ) ಇರುತ್ತದೆ. ಎತ್ತರಕ್ಕೆ ಹೊಂದಿಸದ ಮುಳ್ಳು ಅಲ್ಲಿ ಜೀವನವಿಡೀ ಬಿರುಗಾಳಿ ಅಂತಲೇ ತೋರಿಸುತ್ತಿರುತ್ತದೆ.

ಸಾಮಾನು

ಎಲ್ಲವನ್ನೂ ನಡೆಸುವುದಕ್ಕೆ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್. ಅಳೆಯುವುದಕ್ಕೆ ಬಾಷ್‌ನ ಬಿಎಂಇ280 ಸೆನ್ಸರ್ ಎರಡು. ಸಮಯಕ್ಕೆ ಡಿಎಸ್3231 ಗಡಿಯಾರದ ಮಾಡ್ಯೂಲ್, ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡ್, ನೋಡಲು ಪುಟ್ಟ ಓಎಲ್‌ಇಡಿ ಪರದೆ, ಜೊತೆಗೆ ಒಂದು ಬಜರ್. ವೈಫೈ ಇದ್ದರೆ ಗಡಿಯಾರದ ಮಾಡ್ಯೂಲ್ ಬೇಡ ಅನಿಸಬಹುದು. ಆದರೆ ಬಿರುಗಾಳಿ ಮಳೆಯಲ್ಲೇ ಕರೆಂಟು, ನೆಟ್ ಎರಡೂ ಹೋಗುವುದು, ಗೆರೆ ಬೇಕಾಗಿರುವುದೂ ಅವತ್ತೇ. ಗಡಿಯಾರ ಇರಲಿ, ಸಣ್ಣ ಬ್ಯಾಟರಿಯೂ ಇರಲಿ.

ಬಿಎಂಇ280 ಅಳೆಯುವುದು 300ರಿಂದ 1100 ಹೆಕ್ಟೊಪಾಸ್ಕಲ್ ತನಕ. ಸಮುದ್ರಮಟ್ಟದಲ್ಲಿ ದಾಖಲಾದ ಅತಿ ಕಡಿಮೆ ಒತ್ತಡ 870, ಪೆಸಿಫಿಕ್ ಸಾಗರದ ಟಿಪ್ ಚಂಡಮಾರುತದ ನಡುವೆ, 1979ರ ಅಕ್ಟೋಬರ್‌ನಲ್ಲಿ. ಅತಿ ಹೆಚ್ಚಿನ ದಾಖಲೆಗಳಲ್ಲಿ ಒಂದು ಸೈಬೀರಿಯಾದ ಅಗಾಟಾದಲ್ಲಿ 1968ರ ಡಿಸೆಂಬರ್ 31ರಂದು ಸಿಕ್ಕ, 1083 ದಾಟಿದ ಅಂಕಿ. ಅಂದರೆ ಭೂಮಿಯ ಮೇಲಿನ ಎಂಥ ಹವೆಯೂ ಈ ಸಾಸಿವೆಯಷ್ಟು ಚಿಪ್ಪಿನ ಅಳತೆಯೊಳಗೇ ಬರುತ್ತದೆ. ಅದು ಕೊಡುವ ಅಂಕಿ ಒಂದು ಹೆಕ್ಟೊಪಾಸ್ಕಲ್ ಆಚೀಚೆ ಇರಬಹುದು. ಆದರೆ ಬದಲಾವಣೆಯನ್ನು 0.12ರ ಆಸುಪಾಸಿನಲ್ಲಿ ಹಿಡಿಯುತ್ತದೆ. ನಮಗೆ ಬೇಕಾಗಿರುವುದು ಬದಲಾವಣೆಯೇ ಅಲ್ವಾ, ಹಾಗಾಗಿ ಇದು ಸಾಕು.

ಕೊಳ್ಳುವಾಗ ಒಂದು ಎಚ್ಚರ. ಬಿಎಂಇ280 ಅಂತ ಹೇಳಿ ತೇವಾಂಶ ಅಳೆಯದ ಬಿಎಂಪಿ280 ಕೊಡುವುದು ತುಂಬಾ ಕಡೆ ನಡೆಯುತ್ತದೆ. ಚಿಪ್ಪನ್ನು ಹತ್ತಿರದಿಂದ ನೋಡಿ. ಬಿಎಂಇ ಚೌಕವಾಗಿರುತ್ತದೆ, ಎರಡೂವರೆ ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಬಿಎಂಪಿ ಸ್ವಲ್ಪ ಉದ್ದುದ್ದ. ಇನ್ನೂ ಅನುಮಾನ ಇದ್ದರೆ ಚಿಪ್ಪಿನ ಗುರುತಿನ ಸಂಖ್ಯೆ ಇರುವ ಐಡಿ ರಿಜಿಸ್ಟರ್ ಓದಿ. ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಒತ್ತಡ ಮಾತ್ರ ಸಾಕು ಅನ್ನುವವರಿಗೆ ಬಿಎಂಪಿ ಆದರೂ ನಡೆಯುತ್ತದೆ, ಆದರೆ ತೇವಾಂಶ ಯಾಕೆ ಬೇಕೇ ಬೇಕು ಅನ್ನುವುದು ಮುಂದೆ ಬರುತ್ತದೆ.

ಬೆಸುಗೆ ಹಾಕುವಾಗ ಸೆನ್ಸರ್ ಮೇಲಿನ ಪುಟ್ಟ ತೂತಿಗೆ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಅಂಟು) ಹೋಗಬಾರದು, ಬೋರ್ಡನ್ನು ಆಲ್ಕೋಹಾಲ್ ಹಾಕಿ ತೊಳೆಯಲೂಬಾರದು. ತೂತಿನ ಮೇಲೆ ನೇರ ಬೆಳಕು ಬಿದ್ದರೂ ಅಂಕಿ ಅಲುಗುತ್ತದೆ, ಹಾಗಾಗಿ ನೆರಳಲ್ಲಿಡಿ. ಬೆಸುಗೆಯ ಬಿಸಿಗೆ ಅಂಕಿ ಒಂದೆರಡು ಹೆಕ್ಟೊಪಾಸ್ಕಲ್ ಜರುಗುವುದೂ ಉಂಟು. ಅದನ್ನು ಆಮೇಲೆ ಸರಿದೂಗಿಸಬಹುದು.

ಎರಡು ಸೆನ್ಸರ್ ಯಾಕೆಂದರೆ, ಒಂದು ಪೆಟ್ಟಿಗೆಯೊಳಗೆ ಒತ್ತಡಕ್ಕೆ, ಇನ್ನೊಂದು ಹೊರಗೆ ನೆರಳಿನಲ್ಲಿ ಉಷ್ಣತೆಗೆ, ತೇವಾಂಶಕ್ಕೆ. ಒಂದರ ವಿಳಾಸ ಹೆಕ್ಸ್ 76, ಇನ್ನೊಂದರ ಎಸ್‌ಡಿಓ ಕಾಲನ್ನು 3.3 ವೋಲ್ಟಿಗೆ ಸೇರಿಸಿದರೆ 77 ಆಗುತ್ತದೆ. ಹಾಗಾಗಿ ಎರಡೂ ಬೋರ್ಡಿನ ಜೊತೆ ಮಾತಾಡುವ ಒಂದೇ ಐ-ಟು-ಸಿ ತಂತಿಯಲ್ಲಿ ಕೂರುತ್ತವೆ. ಹೊರಗಿನ ತಂತಿ ಒಂದು ಮೀಟರ್ ದಾಟದಿರಲಿ. ದಾಟಲೇಬೇಕು ಅಂದರೆ ಆ ತಂತಿಯ ಸಂಕೇತದ ವೇಗ ಹತ್ತಿಪ್ಪತ್ತು ಕಿಲೋಹರ್ಟ್ಸ್‌ಗೆ ಇಳಿಸಿ, ತಂತಿಯನ್ನು 3.3 ವೋಲ್ಟಿನ ಕಡೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್ 4.7 ಕಿಲೋ ಓಮ್ ಹಾಕಿ.

ಹೊರಗಿನ ಸೆನ್ಸರ್‌ಗೆ ಬಿಳೀ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಬೆರಳಷ್ಟು ಸಂದಿ ಬಿಟ್ಟು, ಒಂದರ ಮೇಲೊಂದು ಪೋಣಿಸಿದ ಗೂಡು. ಬಿಸಿಲು ಒಳಗೆ ಬೀಳಬಾರದು, ಗಾಳಿ ಮಾತ್ರ ಆಡಬೇಕು. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರ ಸರಿ. ಸೆನ್ಸರ್ ತನ್ನ ಬಿಸಿಗೆ ತಾನೇ ಬೇಯದ ಹಾಗೆ ಫೋರ್ಸ್ಡ್ ಮೋಡ್‌ನಲ್ಲಿ ಓಡಿಸಿ. ಒಂದು ಸಲ ಅಳೆದು ಮಲಗುತ್ತದೆ.

ಮೆಟ್ಟಿಲ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಮೊದಲು ಮಾಡಬೇಕಾದ್ದು ಇದು. ಪೆಟ್ಟಿಗೆ ಕೈಯಲ್ಲಿ ಹಿಡಿದು ಒಂದು ಮಹಡಿ ಹತ್ತಿ. ನೆಲದ ಹತ್ತಿರದ ಗಾಳಿಯಲ್ಲಿ ಎಂಟೂವರೆ ಮೀಟರ್ ಏರಿದರೆ ಸುಮಾರು ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಮೂರು ಮೀಟರಿನ ಮಹಡಿಗೆ 0.35ರಷ್ಟು. ಗೆರೆಯಲ್ಲಿ ಅದು ಮೆಟ್ಟಿಲಿನ ಹಾಗೇ ಕಾಣಬೇಕು. ಕಾಣದಿದ್ದರೆ ಒಂದು ಅಂಕಿಗಾಗಿ ಸೆನ್ಸರ್ ಹಲವು ಸಲ ಅಳೆಯುವ ಓವರ್‌ಸ್ಯಾಂಪ್ಲಿಂಗ್ ಕಮ್ಮಿಯಾಗಿದೆ ಅಂತ ಅರ್ಥ, ಒತ್ತಡಕ್ಕೆ 16 ಇಡಿ.

ಇದೇ ಪರೀಕ್ಷೆಯನ್ನು 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟದಲ್ಲಿ ಮಾಡಿದ್ದರು. ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೇಳಿಕಳಿಸಿದ್ದ, ಅವನ ಭಾವ ಫ್ಲೋರಿನ್ ಪೆರಿಯೆ ಪಾದರಸದ ಕೊಳವೆ ಹೊತ್ತು ಬೆಟ್ಟ ಹತ್ತಿದ. ತುದಿಗೆ ಹೋಗುವಷ್ಟರಲ್ಲಿ ಪಾದರಸ ಎಂಟು ಸೆಂಟಿಮೀಟರಿಗೂ ಜಾಸ್ತಿ ಇಳಿದಿತ್ತು. ಗಾಳಿಗೆ ತೂಕ ಇದೆ, ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಮ್ಮಿ ಅನ್ನುವುದು ಆವತ್ತು ಖಾತ್ರಿಯಾಯಿತು. ಈಗ ಅದೇ ಪಾಸ್ಕಲ್ ಹೆಸರು ನಮ್ಮ ಅಳತೆಯಲ್ಲಿದೆ.

ಈ ತೂಕದ ಲೆಕ್ಕ ಒಮ್ಮೆ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು ಹತ್ತು ಟನ್ ಗಾಳಿ ಕೂತಿದೆ. ಪರದೆಯಲ್ಲಿ ಒಂದು ಹೆಕ್ಟೊಪಾಸ್ಕಲ್ ಇಳಿಯಿತು ಅಂದರೆ ಆ ಗಾಳಿಯ ಕಂಬದಿಂದ ಸುಮಾರು ಹತ್ತು ಕಿಲೋ ಗಾಳಿ ಎಲ್ಲಿಗೋ ಹೋಯಿತು ಅಂತ. ಎಲ್ಲಿಗೆ ಹೋಯಿತು, ಯಾರು ಎಳೆದರು ಅನ್ನುವುದೇ ಹವಾಮಾನ.

ಬಾಗಿಲು, ಫ್ಯಾನು, ಗಾಳಿಯ ಬಡಿತ

ಗೆರೆ ಬರೆಯಲು ಶುರುವಾದ ಮೇಲೆ ಮೊದಲು ಕಾಣುವುದು ಹವಾಮಾನ ಅಲ್ಲ, ಮನೆ. ಬಾಗಿಲು ಜೋರಾಗಿ ಹಾಕಿದರೆ ಒಂದು ಮುಳ್ಳು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಒಂದು ತಗ್ಗು. ಹೊರಗೆ ಗಾಳಿ ಬೀಸಿದರೆ ಗೆರೆಗೆ ಕೂದಲು ಬಂದ ಹಾಗೆ ಆಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ 0.6 ಹೆಕ್ಟೊಪಾಸ್ಕಲ್ ಒತ್ತಡ ಹುಟ್ಟುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಅಂದರೆ 2.4. ಮೂರು ಗಂಟೆಯಲ್ಲಿ ಒತ್ತಡ ಎರಡು ಇಳಿಯಿತಾ ಅಂತ ನೋಡಲು ಕೂತವರಿಗೆ ಇದು ಸಣ್ಣ ತೊಂದರೆ ಅಲ್ಲ.

ಔಷಧ ಎರಡು. ಪೆಟ್ಟಿಗೆಯನ್ನು ಗಾಳಿ ಬಡಿಯುವ ಗೋಡೆಯಿಂದ, ಕಿಟಕಿಯಿಂದ ದೂರ ಇಟ್ಟು ಒಂದೇ ಒಂದು ಸಣ್ಣ ತೂತು ಬಿಡಿ, ತೂತಿಗೆ ಸ್ಪಂಜಿನ ಚೂರು ತುರುಕಿ. ಇನ್ನು ಪ್ರೋಗ್ರಾಮಿನಲ್ಲಿ ಸೆಕೆಂಡಿಗೊಂದು ಅಳತೆ ತೆಗೆದು, ನಿಮಿಷದ ಕೊನೆಗೆ ಸರಾಸರಿ ಮಾಡಬೇಡಿ, ಅರವತ್ತನ್ನೂ ಸಾಲಾಗಿ ಜೋಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ಬಾಗಿಲಿನ ಮುಳ್ಳು ಸರಾಸರಿಯನ್ನು ಎಳೆದುಬಿಡುತ್ತದೆ, ನಡುವಿನ ಅಂಕಿಯನ್ನು ಮುಟ್ಟಲಾರದು.

ಬರೆದಿಡುವ ಜಾಗದ ಚಿಂತೆ ಬೇಡ. ನಿಮಿಷಕ್ಕೊಂದು ಸಾಲು, ಸಾಲಿಗೆ ನಲವತ್ತು ಬೈಟ್ ಅಂದರೂ ವರ್ಷಕ್ಕೆ 21 ಎಂಬಿ. ಹಾಗಾಗಿ ಹಳೆಯದನ್ನು ಗಂಟೆಯ ಸರಾಸರಿ ಮಾಡಿ ಅಳಿಸುವ ಯೋಚನೆ ಬಿಡಿ. 2022ರ ಜನವರಿ 15ರಂದು ಟೊಂಗಾದಲ್ಲಿ ಹುಂಗಾ ಜ್ವಾಲಾಮುಖಿ ಸಿಡಿದಾಗ ಒತ್ತಡದ ಅಲೆಯೊಂದು ಸೆಕೆಂಡಿಗೆ 300 ಮೀಟರಿಗೂ ಮೀರಿದ ವೇಗದಲ್ಲಿ ಭೂಮಿಯನ್ನು ಸುತ್ತುಹಾಕಿತು, ಅದೂ ಒಂದಲ್ಲ, ಹಲವು ಸಲ. ಜಗತ್ತಿನ ನಾನಾ ಮೂಲೆಗಳಲ್ಲಿ ಹವ್ಯಾಸಿಗಳ ಇಂಥದೇ ಅಗ್ಗದ ಸೆನ್ಸರ್‌ಗಳಲ್ಲಿ ಅದು ಒಂದೆರಡು ಹೆಕ್ಟೊಪಾಸ್ಕಲ್‌ನ ಪುಟ್ಟ ಜಿಗಿತವಾಗಿ ಸಿಕ್ಕಿತು. ನಿಮಿಷದ ದಾಖಲೆ ಇಟ್ಟವರಿಗೆ ಸಿಕ್ಕಿತು, ಗಂಟೆಯ ಸರಾಸರಿ ಇಟ್ಟವರಿಗೆ ಕಾಣಲೇ ಇಲ್ಲ. 1883ರಲ್ಲಿ ಕ್ರಕಟೋವಾ ಸಿಡಿದಾಗಲೂ ಆಗಿನ ಕಾಗದದ ಬ್ಯಾರೋಗ್ರಾಫ್‌ಗಳು ಇದನ್ನೇ ಬರೆದಿದ್ದವು.

ದಿನಕ್ಕೆ ಎರಡು ದಿಬ್ಬ

ಗೆರೆ ನೆಮ್ಮದಿಯಾಗಿ ಹರಿಯಲು ಶುರುವಾದರೆ ಇನ್ನೊಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮೋಡ ಇಲ್ಲ, ಮಳೆ ಇಲ್ಲ, ಆದರೂ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ದಿಬ್ಬ, ಸಂಜೆ ನಾಲ್ಕಕ್ಕೆ ತಗ್ಗು, ರಾತ್ರಿ ಹತ್ತಕ್ಕೆ ಮತ್ತೆ ದಿಬ್ಬ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ತಗ್ಗು. ಸೆನ್ಸರ್ ಬಿಸಿಲಿಗೆ ಕಾಯ್ದು ತಪ್ಪು ತೋರಿಸುತ್ತಿದೆ ಅಂತ ಅನುಮಾನ ಬರುವುದು ಸಹಜ. ಆದರೆ ಬಿಸಿಲಿನ ಆಟವಾಗಿದ್ದರೆ ದಿನಕ್ಕೆ ಒಂದೇ ದಿಬ್ಬ ಇರಬೇಕಿತ್ತು, ರಾತ್ರಿ ಹತ್ತಕ್ಕೆ ಏರಲು ಏನು ಕಾರಣ?

ಇದು ವಾತಾವರಣದ ಉಬ್ಬರವಿಳಿತ. ಸಮುದ್ರದ ಉಬ್ಬರಕ್ಕೆ ಚಂದ್ರ ಮುಖ್ಯ, ಇದಕ್ಕೆ ಸೂರ್ಯನ ಬಿಸಿ. ಮೇಲೆ ಓಝೋನ್, ಕೆಳಗೆ ನೀರಾವಿ ಬಿಸಿಲನ್ನು ಹೀರಿ ಕಾಯುತ್ತವೆ. ಆ ಕಾವಿಗೆ ಇಡೀ ವಾತಾವರಣ ಹನ್ನೆರಡು ಗಂಟೆಯ ಲಯದಲ್ಲಿ ತೂಗುತ್ತದೆ. ಉಷ್ಣವಲಯದಲ್ಲಿ ದಿಬ್ಬಕ್ಕೂ ತಗ್ಗಿಗೂ ಎರಡು ಮೂರು ಹೆಕ್ಟೊಪಾಸ್ಕಲ್ ವ್ಯತ್ಯಾಸ ಇರುತ್ತದೆ. ಧ್ರುವದ ಕಡೆ ಹೋದಂತೆ ಕರಗುತ್ತ ಬರುತ್ತದೆ, ಅಲ್ಲಿ ದಿನನಿತ್ಯದ ಹವೆಯ ಏರಿಳಿತವೇ ಇದನ್ನು ಮುಚ್ಚಿಹಾಕುತ್ತದೆ.

ಅಂತರ್ಜಾಲದಲ್ಲಿ ಸಿಗುವ ರೆಡಿಮೇಡ್ ಮುನ್ಸೂಚನೆಯ ಪ್ರೋಗ್ರಾಮ್‌ಗಳು ಉಷ್ಣವಲಯದಲ್ಲಿ ಎಡವುವುದು ಇಲ್ಲೇ. ಅವು ಬ್ರಿಟನ್ನಿನಂಥ ಹವೆಗೆ ಹೊಂದಿಸಿದವು. ಅಲ್ಲಿನ ಹವಾಮಾನ ಇಲಾಖೆಯ ಭಾಷೆಯಲ್ಲಿ ಮೂರು ಗಂಟೆಯಲ್ಲಿ 1.5 ತನಕ ಇಳಿದರೆ ನಿಧಾನ, 3.6ರಿಂದ 6 ಇಳಿದರೆ ವೇಗ, 6 ದಾಟಿದರೆ ತುಂಬಾ ವೇಗ. ಆ ಪ್ರೋಗ್ರಾಮನ್ನು ಹಾಗೇ ತಂದು ಉಷ್ಣವಲಯದಲ್ಲಿ ಹಾಕಿದರೆ ದಿನಾ ಮಧ್ಯಾಹ್ನ ಹವೆ ಕೆಡುತ್ತದೆ ಅನ್ನುತ್ತದೆ, ದಿನಾ ರಾತ್ರಿ ಸುಧಾರಿಸುತ್ತದೆ ಅನ್ನುತ್ತದೆ. ಗಡಿಯಾರ ನೋಡಿ ಭವಿಷ್ಯ ಹೇಳಿದ ಹಾಗೆ.

ನಾನು ಮಾಡಿದ್ದು ಇಷ್ಟು. ಹವೆ ಶಾಂತವಾಗಿದ್ದ ದಿನಗಳ ದಾಖಲೆ ತೆಗೆದುಕೊಂಡು, ದಿನದ ಪ್ರತಿ ಗಂಟೆಗೂ ಒತ್ತಡ ಆ ದಿನದ ಸರಾಸರಿಗಿಂತ ಎಷ್ಟು ಮೇಲೆ ಕೆಳಗೆ ಅಂತ 24 ಅಂಕಿಯ ಪಟ್ಟಿ ಮಾಡಿದೆ. ಪ್ರತಿ ಅಳತೆಯಿಂದ ಆ ಗಂಟೆಯ ಅಂಕಿ ಕಳೆದೆ. ಉಳಿದ ಗೆರೆಯೇ ಹವಾಮಾನದ್ದು. ಇಷ್ಟು ಪುರುಸೊತ್ತಿಲ್ಲದಿದ್ದರೆ ಸುಲಭದ ದಾರಿ, ಈಗಿನ ಒತ್ತಡದಿಂದ ನಿನ್ನೆ ಇದೇ ಹೊತ್ತಿನ ಒತ್ತಡ ಕಳೆಯಿರಿ. ಉಬ್ಬರವಿಳಿತ ತಾನಾಗಿ ಅಳಿಸಿಹೋಗುತ್ತದೆ. ಹಡಗಿನವರಿಗೂ ಇಂಥದೇ ಒಂದು ನಿಯಮ ಇದೆ. ಉಷ್ಣವಲಯದಲ್ಲಿ ದಿನದ ಏರಿಳಿತ ಕಳೆದ ಮೇಲೆ ಒತ್ತಡ ಆ ಕಾಲದ ಸರಾಸರಿಗಿಂತ 3 ಹೆಕ್ಟೊಪಾಸ್ಕಲ್ ಕೆಳಗಿದ್ದರೆ ಚಂಡಮಾರುತದ ಅನುಮಾನ ಪಡು, 5 ಕೆಳಗಿದ್ದರೆ ಅನುಮಾನವೇ ಬೇಡ. ನನ್ನ ಪೆಟ್ಟಿಗೆಯ ಒಂದು ಅಲಾರಂ ಇದೇ ಎರಡು ಅಂಕಿಗಳ ಮೇಲೆ ನಿಂತಿದೆ.

ಇಳಿದರೆ ಮಳೆ ಯಾಕೆ, ಇಳಿದರೂ ಮಳೆ ಬಾರದ್ದು ಯಾಕೆ

ಸುದ್ದಿಯಲ್ಲಿ ವಾಯುಭಾರ ಕುಸಿತ ಅಂದ ಕೂಡಲೇ ನಾವು ಕೊಡೆ ಹುಡುಕುತ್ತೇವೆ. ಅದು ಸರಿಯೇ. ಒತ್ತಡ ಕಮ್ಮಿ ಇರುವ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ನೇರವಾಗಿ ನುಗ್ಗದೆ ಪಕ್ಕಕ್ಕೆ ಬಾಗಿ ಸುತ್ತುತ್ತದೆ, ಉತ್ತರಾರ್ಧದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ, ದಕ್ಷಿಣಾರ್ಧದಲ್ಲಿ ಮುಳ್ಳಿನ ಹಾಗೇ. ನೆಲದ ತಿಕ್ಕಾಟಕ್ಕೆ ವೇಗ ತಗ್ಗಿ, ಸುತ್ತುತ್ತಲೇ ಒಳಗೆ ಸೇರುತ್ತ ಹೋಗುತ್ತದೆ. ಸೇರಿದ ಗಾಳಿ ನೆಲದೊಳಗೆ ಹೋಗುವ ಹಾಗಿಲ್ಲ, ಮೇಲೇರಲೇಬೇಕು. ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ 9.8 ಡಿಗ್ರಿಯಂತೆ. ತೇವ ಸಾಕಷ್ಟಿದ್ದರೆ ಮೋಡ ಕಟ್ಟುತ್ತದೆ. ಮೋಡ ಕಟ್ಟುವಾಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ಇನ್ನೂ ಮೇಲೆ ತಳ್ಳುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಕೆಳಗೆ ಗಾಳಿ ಬಂದು ತುಂಬುತ್ತಲೇ ಇದ್ದರೆ ಕಂಬದ ತೂಕ ಹೆಚ್ಚಬೇಕಲ್ವಾ, ಒತ್ತಡ ಇಳಿಯುವುದು ಹೇಗೆ? ಉತ್ತರ ಮೇಲಿದೆ. ಹತ್ತು ಕಿಲೋಮೀಟರ್ ಎತ್ತರದ ಗಾಳಿ ಅಲ್ಲಿಂದ ಹೊರಕ್ಕೆ ಹರಡುವುದು ಕೆಳಗೆ ಬಂದು ಸೇರುವುದಕ್ಕಿಂತ ಜಾಸ್ತಿಯಿದ್ದರೆ ಕುಸಿತ ಗಟ್ಟಿಯಾಗುತ್ತದೆ, ಕಮ್ಮಿಯಾದರೆ ತುಂಬಿ ಮುಗಿಯುತ್ತದೆ. ನಮ್ಮ ಪೆಟ್ಟಿಗೆ ತೋರಿಸುವುದು ಈ ಎರಡರ ಲೆಕ್ಕ ಕಳೆದ ಬಾಕಿಯನ್ನು.

ಹೆಚ್ಚಿನ ಒತ್ತಡದ ಕಡೆ ಇದರ ತಲೆಕೆಳಗು. ಗಾಳಿ ಮೇಲಿಂದ ಇಳಿಯುತ್ತದೆ, ಇಳಿಯುತ್ತ ಅದುಮಿ ಬಿಸಿಯಾಗುತ್ತದೆ, ಮೋಡ ಆರಿಹೋಗುತ್ತದೆ. ಹಾಗಂತ ಒತ್ತಡ ಏರಿದರೆ ಒಳ್ಳೇ ಹವೆ ಅಂತ ಬರೆದಿಡುವುದು ಅರ್ಧ ಸತ್ಯ. ಇಳಿದು ಕಾದ ಗಾಳಿ ನೆಲದ ತಣ್ಣನೆ ಗಾಳಿಯ ಮೇಲೆ ಮುಚ್ಚಳ ಹಾಕಿದಂತೆ ಕೂತರೆ ಹೊಗೆ, ಧೂಳು, ಮಂಜು ಎಲ್ಲ ಕೆಳಗೇ ಸಿಕ್ಕಿಕೊಳ್ಳುತ್ತವೆ. ಚಳಿಗಾಲದಲ್ಲಿ ಉಸಿರು ಕಟ್ಟಿಸುವ ದಿನಗಳಲ್ಲಿ ಗ್ರಾಫ್ ಎಷ್ಟೋ ಸಲ ತುಂಬಾ ಚೆನ್ನಾಗಿ ಮೇಲಿರುತ್ತದೆ.

ಇನ್ನು ಇಳಿದರೂ ಮಳೆ ಬಾರದ್ದು. ಬೇಸಿಗೆಯಲ್ಲಿ ಥಾರ್ ಮರುಭೂಮಿ, ಪಾಕಿಸ್ತಾನದ ಬಯಲು ಕಾದು ಅಲ್ಲಿನ ಒತ್ತಡ 1000ಕ್ಕಿಂತ ಕೆಳಗೆ ಹೋಗುತ್ತದೆ. ಆದರೆ ಅಲ್ಲಿ ಮೋಡವೇ ಇರುವುದಿಲ್ಲ. ಕಾದ ಪದರ ತೆಳು, ಗಾಳಿಯಲ್ಲಿ ತೇವ ಇಲ್ಲ. ಅದೇ ತಗ್ಗು ದಕ್ಷಿಣ ಹಿಂದೂ ಮಹಾಸಾಗರದ ಮ್ಯಾಸ್ಕರೀನ್ ದ್ವೀಪಗಳ ಹತ್ತಿರದ ಹೆಚ್ಚಿನ ಒತ್ತಡದ ಜೊತೆ ಸೇರಿ ಸಾವಿರಾರು ಕಿಲೋಮೀಟರ್ ದೂರದಿಂದ ಮುಂಗಾರನ್ನು ಎಳೆಯುತ್ತದೆ. ಮಳೆ ಸುರಿಯುವುದು ಮಾತ್ರ ಆ ತೇವದ ಗಾಳಿ ಎಲ್ಲೆಲ್ಲಿ ಏರಬೇಕಾಗುತ್ತದೋ ಅಲ್ಲಿ. ಹಾಗಾಗಿ ಒತ್ತಡದ ಗೆರೆ ಒಂದೇ ಇಟ್ಟುಕೊಂಡರೆ ಕತೆ ಅರ್ಧ. ಬಂದ ಗಾಳಿ ಎಂಥದ್ದು ಅನ್ನುವುದಕ್ಕೆ ಎರಡನೇ ಗೆರೆ ಬೇಕು.

ಎರಡನೇ ಗೆರೆ: ಇಬ್ಬನಿ ಬಿಂದು

ತುಂಬಾ ದಿನ ಒಂದೇ ಕಡೆ ಕೂತ ಗಾಳಿ ಆ ಜಾಗದ ಗುಣ ಹಿಡಿಯುತ್ತದೆ. ಬೆಚ್ಚನೆ ಸಮುದ್ರದ ಮೇಲೆ ಕೂತರೆ ಬಿಸಿ, ತೇವ. ಮರುಭೂಮಿಯ ಮೇಲೆ ಕೂತರೆ ಬಿಸಿ, ಒಣ. ಚಳಿಗಾಲದ ಸೈಬೀರಿಯಾದ ಮೇಲೆ ಕೂತರೆ ತಣ್ಣಗೆ, ಒಣ. ಇಂಥ ಸಾವಿರಾರು ಕಿಲೋಮೀಟರ್ ಅಗಲದ ಗಾಳಿಯ ರಾಶಿಗಳನ್ನು ಸ್ವೀಡನ್ನಿನ ಟೋರ್ ಬರ್ಗೆರಾನ್ 1928ರಲ್ಲಿ ಹುಟ್ಟಿದ ಜಾಗದ ಪ್ರಕಾರ ವಿಂಗಡಿಸಿದರು. ಸಾಗರದ್ದಾ ಭೂಖಂಡದ್ದಾ, ಉಷ್ಣವಲಯದ್ದಾ ಧ್ರುವದ ಕಡೆಯದ್ದಾ ಅಂತ. ವಾಯುರಾಶಿಗಳ ಈ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ.

ಮನೆಯಲ್ಲಿ ಕೂತು ಇದನ್ನು ಗುರುತಿಸಲು ಶೇಕಡಾ ಲೆಕ್ಕದ ತೇವಾಂಶ ಸಾಲದು. ಗಾಳಿಯಲ್ಲಿ ನೀರು ಅಷ್ಟೇ ಇದ್ದರೂ ಬಿಸಿಲೇರಿದರೆ ಶೇಕಡಾ ಇಳಿಯುತ್ತದೆ, ರಾತ್ರಿ ಏರುತ್ತದೆ. ಇಬ್ಬನಿ ಬಿಂದು ಹಾಗಲ್ಲ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟುತ್ತದೆ ಅನ್ನುವ ಆ ಅಂಕಿ, ರಾಶಿ ಬದಲಾಗುವ ತನಕ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಲೆಕ್ಕ ಸರಳ. ಉಷ್ಣತೆಯನ್ನು 17.62ರಿಂದ ಗುಣಿಸಿ, ಉಷ್ಣತೆಗೆ 243.12 ಕೂಡಿಸಿದ ಮೊತ್ತದಿಂದ ಭಾಗಿಸಿ. ಅದಕ್ಕೆ ತೇವಾಂಶದ ಶೇಕಡಾವನ್ನು ನೂರರಿಂದ ಭಾಗಿಸಿ ತೆಗೆದ ಸಹಜ ಲಾಗರಿದಮ್ ಕೂಡಿಸಿ. ಬಂದ ಅಂಕಿಯನ್ನು 243.12ರಿಂದ ಗುಣಿಸಿ, 17.62ರಿಂದ ಅದೇ ಅಂಕಿ ಕಳೆದು ಬಂದದ್ದರಿಂದ ಭಾಗಿಸಿದರೆ ಇಬ್ಬನಿ ಬಿಂದು. ಪ್ರೋಗ್ರಾಮಿನಲ್ಲಿ ಎರಡು ಸಾಲು.

ಇದನ್ನು ಒತ್ತಡದ ಕೆಳಗೆ ಬೇರೆ ಬಣ್ಣದಲ್ಲಿ ಎಳೆದರೆ ಗ್ರಾಫ್ ಓದುವುದೇ ಬೇರೆಯಾಗುತ್ತದೆ. ಇಪ್ಪತ್ತು ಡಿಗ್ರಿ ದಾಟಿ ನಿಂತಿದ್ದರೆ ಬೆಚ್ಚನೆ ಸಾಗರದ ಗಾಳಿ. ಒತ್ತಡ ಇಳಿಯುತ್ತಿದ್ದು ಇದೂ ಮೇಲಿದ್ದರೆ ಮಳೆಗೆ ಸಾಮಗ್ರಿ ಸಿದ್ಧ. ಒತ್ತಡ ಇಳಿಯುತ್ತಿದ್ದರೂ ಇದು ಐದು ಆರರಲ್ಲಿ ಒಣಗಿ ಕೂತಿದ್ದರೆ ಬರೀ ಧೂಳು ಗಾಳಿ. ಒತ್ತಡ ಅಲುಗದೆ ಮಧ್ಯಾಹ್ನ ಇದು ಹಠಾತ್ತನೆ ಏರಿ ಉಷ್ಣತೆ ಇಳಿದರೆ, ಹತ್ತಿರದಲ್ಲಿ ಸಮುದ್ರವಿದ್ದರೆ ಅದು ಕಡಲ ಗಾಳಿ. ಒಂದು ಎಚ್ಚರ, ಬಿಸಿಲು ಜೋರಾದಾಗ ಮೇಲಿನ ಒಣ ಗಾಳಿ ಕೆಳಗಿನದರ ಜೊತೆ ಕಲೆತು ಇಬ್ಬನಿ ಬಿಂದು ಮಧ್ಯಾಹ್ನ ಒಂದೆರಡು ಡಿಗ್ರಿ ಜಗ್ಗುತ್ತದೆ. ರಾಶಿ ಬದಲಾಗಿದ್ದಕ್ಕೆ ಅದು ಗುರುತಲ್ಲ, ಸಂಜೆ ವಾಪಸ್ ಬರುತ್ತದೆ.

ಇನ್ನೊಂದು ಮಾತು, ತೇವದ ಗಾಳಿ ಭಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಲ್ಟಾ. ನೀರಿನ ಅಣುವಿನ ತೂಕ 18, ಒಣ ಗಾಳಿಯದು ಸರಾಸರಿ 29. ನೀರಾವಿ ಸೇರಿದಷ್ಟೂ ಗಾಳಿ ಹಗುರ. ಸೆಕೆಯಲ್ಲಿ ಗಾಳಿ ಭಾರವಾಗಿದೆ ಅನಿಸುವುದು ನಮ್ಮ ಬೆವರು ಆರದೇ ಇರುವುದಕ್ಕೆ.

ಎರಡು ರಾಶಿ ಎದುರಾದರೆ

ನಾರ್ವೆಯ ಬರ್ಗನ್‌ನಲ್ಲಿ ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್ನೆಸ್, ಮಗ ಜೇಕಬ್ ಮತ್ತು ಜೊತೆಗಾರರು ಮೊದಲನೇ ಮಹಾಯುದ್ಧದ ಹೊತ್ತಿಗೆ ಬಿಡಿಸಿ ತೋರಿಸಿದ್ದು ಇದನ್ನೇ. ಎರಡು ರಾಶಿಗಳು ಸುಲಭಕ್ಕೆ ಬೆರೆಯುವುದಿಲ್ಲ, ನಡುವೆ ಒಂದು ಓರೆ ಗಡಿ ಏಳುತ್ತದೆ. ಆ ಗಡಿಯೇ ಫ್ರಂಟ್. ತಣ್ಣನೆ ಗಾಳಿ ನುಗ್ಗಿ ಬೆಚ್ಚನೆಯದರ ಕೆಳಗೆ ತೂರಿಕೊಂಡರೆ ಶೀತ ಫ್ರಂಟ್. ಅದರ ಓರೆ ಕಡಿದು, ಐವತ್ತರಿಂದ ನೂರು ಮೀಟರಿಗೆ ಒಂದು ಮೀಟರ್ ಏರಿಕೆ. ಗ್ರಾಫಿನಲ್ಲಿ ಒತ್ತಡ ಇಳಿದು ಇಳಿದು ಒಂದು ಚೂಪು ತಳ ಮುಟ್ಟಿ ತಟ್ಟನೆ ಏರುತ್ತದೆ. ಅದೇ ಕ್ಷಣಕ್ಕೆ ಉಷ್ಣತೆ ಬೀಳುತ್ತದೆ, ಹಿಂದೆಯೇ ಇಬ್ಬನಿ ಬಿಂದು ಬೀಳುತ್ತದೆ, ಗಾಳಿಯ ದಿಕ್ಕು ತಿರುಗುತ್ತದೆ. ಬೆಚ್ಚನೆ ಗಾಳಿ ತಣ್ಣನೆಯದರ ಮೇಲೆ ಹತ್ತಿ ಬರುವ ಉಷ್ಣ ಫ್ರಂಟ್‌ನ ಓರೆ ತೀರಾ ಮಂದ. ಒತ್ತಡ ಗಂಟೆಗಟ್ಟಲೆ ಸಾವಕಾಶ ಇಳಿಯುತ್ತದೆ, ಮೋಡ ಮೊದಲು ತೆಳ್ಳಗೆ ಎತ್ತರದಲ್ಲಿ, ಆಮೇಲೆ ದಟ್ಟವಾಗಿ ತಗ್ಗಿನಲ್ಲಿ.

ಉಷ್ಣವಲಯದಲ್ಲಿ ಪಕ್ಕಪಕ್ಕದ ಗಾಳಿಗಳ ಉಷ್ಣತೆಯಲ್ಲಿ ಅಷ್ಟು ವ್ಯತ್ಯಾಸ ಇರದ ಕಾರಣ ಇಂಥ ಪುಸ್ತಕದ ಫ್ರಂಟ್ ಅಪರೂಪ. ಅದರ ಬದಲು ಗುಡುಗುಮಳೆ ತಾನೇ ಒಂದು ಚಿಕ್ಕ ಫ್ರಂಟ್ ತಯಾರಿಸುತ್ತದೆ, ಮತ್ತು ನನ್ನ ದಾಖಲೆಯಲ್ಲೆಲ್ಲ ನೋಡಲು ಚಂದ ಇರುವುದು ಅದೇ. ಮೋಡದಿಂದ ಬೀಳುವ ಹನಿ ದಾರಿಯಲ್ಲೇ ಆರುತ್ತ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಭಾರವಾಗಿ ನೆಲಕ್ಕೆ ಬಿದ್ದು ಸುತ್ತ ಹರಡುತ್ತದೆ. ಅದರ ಅಂಚು ಪೆಟ್ಟಿಗೆಯ ಮೇಲೆ ಹಾಯುವಾಗ ಒತ್ತಡ ಕೆಲವೇ ನಿಮಿಷದಲ್ಲಿ ಒಂದು, ಎರಡು, ಕೆಲವೊಮ್ಮೆ ಮೂರು ಹೆಕ್ಟೊಪಾಸ್ಕಲ್ ಮೇಲೆ ಜಿಗಿಯುತ್ತದೆ, ಉಷ್ಣತೆ ಐದಾರು ಡಿಗ್ರಿ ಕುಸಿಯುತ್ತದೆ, ಧೂಳೆಬ್ಬಿಸುವ ಗಾಳಿ ಬರುತ್ತದೆ, ಮಳೆ ಆಮೇಲೆ. ಗಮನಿಸಿ, ಮಳೆಗೆ ಮುಂಚೆ ಒತ್ತಡ ಏರುತ್ತಿದೆ! ಇಳಿದರೆ ಮಳೆ ಅಂತ ಬಾಯಿಪಾಠ ಮಾಡಿದವರಿಗೆ ಇದು ಗೊಂದಲ, ತೂಕದ ಲೆಕ್ಕ ಹಿಡಿದವರಿಗೆ ಅಲ್ಲ. ತಣ್ಣನೆ ಗಾಳಿ ಭಾರ, ತಲೆ ಮೇಲೆ ಬಂತು, ಒತ್ತಡ ಏರಿತು.

ಬಜರ್ ಇಟ್ಟಿರುವುದು ಮುಖ್ಯವಾಗಿ ಇದಕ್ಕೇ. ಹತ್ತು ನಿಮಿಷದಲ್ಲಿ ಒತ್ತಡ ಒಂದು ಏರಿ, ಅದೇ ಹತ್ತು ನಿಮಿಷದಲ್ಲಿ ಹೊರಗಿನ ಉಷ್ಣತೆ ಎರಡು ಡಿಗ್ರಿ ಇಳಿದರೆ ಕೂಗುತ್ತದೆ. ಎರಡೂ ಷರತ್ತು ಒಟ್ಟಿಗೆ ಬೇಕು, ಇಲ್ಲದಿದ್ದರೆ ಬಾಗಿಲು ಹಾಕಿದ್ದಕ್ಕೂ ಕೂಗುತ್ತದೆ. ಆರಲು ಹಾಕಿದ ಬಟ್ಟೆ ಒಳಗೆ ತರುವಷ್ಟು ಸಮಯ ಸಾಮಾನ್ಯವಾಗಿ ಸಿಗುತ್ತದೆ.

ಅಂಕಿಯನ್ನು ನಕ್ಷೆಗೆ ಹೊಂದಿಸುವುದು

ಬದಲಾವಣೆ ನೋಡಲು ಸೆನ್ಸರ್ ಕೊಟ್ಟ ಅಂಕಿಯೇ ಸಾಕು. ಹವಾಮಾನ ನಕ್ಷೆಯ ಜೊತೆ ಹೋಲಿಸಬೇಕು ಅಂದರೆ ಮಾತ್ರ ಸಮುದ್ರಮಟ್ಟಕ್ಕೆ ಇಳಿಸಬೇಕು. ಎತ್ತರವನ್ನು 44330ರಿಂದ ಭಾಗಿಸಿ, ಒಂದರಿಂದ ಕಳೆದು, 5.255ರ ಘಾತಕ್ಕೆ ಏರಿಸಿ, ಬಂದದ್ದರಿಂದ ನಿಮ್ಮ ಒತ್ತಡವನ್ನು ಭಾಗಿಸಿ. ಎತ್ತರ ಹತ್ತು ಮೀಟರ್ ತಪ್ಪಿದರೆ ಉತ್ತರ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ, ಫೋನಿನ ಜಿಪಿಎಸ್ ಎತ್ತರವನ್ನು ನಂಬಬೇಡಿ.

ಈ ಸೂತ್ರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಅಂತ ಇಟ್ಟುಕೊಂಡದ್ದು. ಎತ್ತರಮಾಪಕ ಹೊಂದಿಸಿಕೊಳ್ಳಲು ವಿಮಾನಗಳಿಗೆ ಕೊಡುವ ಕ್ಯೂಎನ್‌ಎಚ್ ಅಂಕಿಯ ಲೆಕ್ಕವೂ ಇದೇ, ಹಾಗಾಗಿ ಹತ್ತಿರದ ವಿಮಾನ ನಿಲ್ದಾಣ ಹೊತ್ತುಹೊತ್ತಿಗೆ ಕೊಡುವ ಹವಾಮಾನದ ಮೆಟಾರ್ ವರದಿಯ ಜೊತೆ ನೇರ ಹೋಲಿಸಬಹುದು. ಗಾಳಿ ಇಲ್ಲದ ಹೊತ್ತು ಆರಿಸಿಕೊಳ್ಳಿ, ಹತ್ತಾರು ವರದಿಗಳ ಸರಾಸರಿ ತೆಗೆಯಿರಿ. ಮೆಟಾರ್‌ನಲ್ಲಿ ದಶಮಾಂಶ ಕತ್ತರಿಸಿ ಕೆಳಗಿನ ಪೂರ್ಣ ಅಂಕಿ ಬರೆಯುತ್ತಾರೆ, 1012.9 ಇದ್ದರೂ 1012. ಹಾಗಾಗಿ ಸರಾಸರಿಗೆ ಅರ್ಧ ಕೂಡಿಸಿ. ಬಂದ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಒಂದು ತಿದ್ದುಪಡಿಯಾಗಿ ಬರೆದಿಟ್ಟರೆ ಬೆಸುಗೆಯ ಜರುಗುವಿಕೆಯೂ ಅದರಲ್ಲೇ ಹೋಯಿತು.

ಹವಾಮಾನ ನಕ್ಷೆಯಲ್ಲಿ ಒಂದೇ ಒತ್ತಡದ ಜಾಗಗಳನ್ನು ಸೇರಿಸುವ ಸಮಭಾರ ರೇಖೆಗಳ ಜೊತೆ ಹೋಲಿಸುವಾಗ ನಿಜವಾದ ಉಷ್ಣತೆ ಲೆಕ್ಕಕ್ಕೆ ಬರಬೇಕು. 900 ಮೀಟರ್ ಎತ್ತರದಲ್ಲಿ ಗಾಳಿಯ ಉಷ್ಣತೆ ಹತ್ತು ಡಿಗ್ರಿ ಆಚೀಚೆಯಾದರೆ ಇಳಿಸಿದ ಅಂಕಿ ಮೂರೂವರೆಯಷ್ಟು ಆಚೀಚೆಯಾಗುತ್ತದೆ. ಆ ಕ್ಷಣದ ಉಷ್ಣತೆ ಹಾಕಿದರೆ ಹಗಲು ರಾತ್ರಿಯ ಬಿಸಿ ತಂಪು ಒತ್ತಡದ ಗೆರೆಯೊಳಗೆ ನುಸುಳಿ ಸುಳ್ಳು ಅಲೆ ಎಬ್ಬಿಸುತ್ತದೆ. ಈಗಿನದು ಮತ್ತು ಹನ್ನೆರಡು ಗಂಟೆ ಹಿಂದಿನದು, ಎರಡರ ಸರಾಸರಿ ಹಾಕಿದರೆ ಆ ಕಾಟ ಇರುವುದಿಲ್ಲ.

ಎರಡನೇ ಪೆಟ್ಟಿಗೆ

ಒಂದೇ ಪೆಟ್ಟಿಗೆಯಿಂದ ಕುಸಿತ ಯಾವ ದಿಕ್ಕಿನಲ್ಲಿದೆ ಅಂತ ತಿಳಿಯುವುದಿಲ್ಲ. ಹಾಲೆಂಡಿನ ಹವಾಮಾನ ವಿಜ್ಞಾನಿ ಬೈಸ್ ಬಾಲೋ 1857ರಲ್ಲಿ ಕೊಟ್ಟ ನಿಯಮ ಇದಕ್ಕೆ ಅರ್ಧ ಉತ್ತರ. ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗಡೆ, ದಕ್ಷಿಣಾರ್ಧದಲ್ಲಿ ಬಲಗಡೆ. ಸಮಭಾಜಕದ ತೀರಾ ಹತ್ತಿರ ಇದು ನಡೆಯುವುದಿಲ್ಲ, ಅಲ್ಲಿ ಭೂಮಿಯ ತಿರುಗಾಟ ಗಾಳಿಯನ್ನು ಬಾಗಿಸುವುದಿಲ್ಲ.

ಪೂರ್ತಿ ಉತ್ತರಕ್ಕೆ ದೂರ ದೂರ ಇಟ್ಟ ಎರಡು ಮೂರು ಪೆಟ್ಟಿಗೆ ಬೇಕು. ಈಗ ಎರಡನೆಯದು ಕಟ್ಟುತ್ತಿದ್ದೇನೆ. ಎಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕು ಗೊತ್ತಾ? 45 ಡಿಗ್ರಿ ಅಕ್ಷಾಂಶದಲ್ಲಿ ನೂರು ಕಿಲೋಮೀಟರಿಗೆ ಬರೀ ಒಂದು ಹೆಕ್ಟೊಪಾಸ್ಕಲ್ ಇಳಿಜಾರಿದ್ದರೂ ಮೇಲುಗಾಳಿ ಸೆಕೆಂಡಿಗೆ 8 ಮೀಟರ್ ವೇಗ ಪಡೆಯುತ್ತದೆ. ಸೆನ್ಸರಿನ ಅಂಕಿಯೇ ಒಂದು ಆಚೀಚೆ ಇರಬಹುದಾದಾಗ ಹಾಗೇ ಕೊಂಡೊಯ್ದು ಇಟ್ಟರೆ ಸಿಗುವುದು ಸೆನ್ಸರುಗಳ ಜಗಳ ಅಷ್ಟೇ. ಅದಕ್ಕೇ ಎರಡನ್ನೂ ಮೊದಲು ಒಂದೇ ಮೇಜಿನ ಮೇಲೆ, ಒಂದೇ ಎತ್ತರದಲ್ಲಿ, ಒತ್ತಡ ಒಂದು ಸಲವಾದರೂ ಚೆನ್ನಾಗಿ ಏರಿ ಇಳಿಯುವ ತನಕ ಓಡಿಸಬೇಕು. ವ್ಯತ್ಯಾಸ ಸ್ಥಿರವಾಗಿದ್ದರೆ ಅದನ್ನು ಕಳೆದರೆ ಮುಗಿಯಿತು. ಬಿಸಿಗೆ ತಕ್ಕಂತೆ ಬದಲಾಗುತ್ತಿದ್ದರೆ ಆ ಸೆನ್ಸರ್ ತೆಗೆದು ಬೇರೆ ಹಾಕಿ.